ರಂಗನತಿಟ್ಟು: ಬಳಸುವ ವಿಧಾನ ಮತ್ತು ಎಚ್ಚರಿಕೆಗಳು

ಬಳಸುವ ಮುನ್ನ

ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಕ ಬರುತ್ತದೆ. ಸೀಲಿಂಗ್ ಫ್ಯಾನಿಗೂ ಬರುತ್ತದೆ. ಹೊಳೆ ನಡುವಿನ ಗಡ್ಡೆಗಳಿಗೆ ಮಾತ್ರ ಯಾರೂ ಪುಸ್ತಕ ಕೊಡುವುದಿಲ್ಲ. ಗೇಟಿನಲ್ಲಿ ಟಿಕೆಟ್ ಹರಿದು ಕೈಗಿಟ್ಟರೆ ಮುಗಿಯಿತು, ಮುಂದಿನದು ಬಂದವರ ಬುದ್ಧಿಗೆ ಬಿಟ್ಟದ್ದು. ಹೀಗಾಗಿ ಶ್ರೀರಂಗಪಟ್ಟಣದ ಪಕ್ಕ ಕಾವೇರಿಯ ನಡುವೆ ಕೂತಿರುವ ಈ ಗಡ್ಡೆಗಳನ್ನು ಜನ ತಮಗೆ ತೋಚಿದಂತೆ ಬಳಸುತ್ತಿದ್ದಾರೆ. ಕೆಲವರಿಗೆ ಅದು ಫೋಟೋದ ಹಿನ್ನೆಲೆ, ಕೆಲವರಿಗೆ ಚಿತ್ರಾನ್ನದ ಡಬ್ಬಿ ಬಿಚ್ಚುವ ಜಾಗ. ಮೈಸೂರು ಅರಮನೆಗೂ ಬೃಂದಾವನದ ಕಾರಂಜಿಗೂ ನಡುವೆ ಉಳಿದ ಎರಡು ಗಂಟೆಯನ್ನು ಕಳೆಯುವ ಉಪಾಯ ಇನ್ನು ಕೆಲವರಿಗೆ. ಈ ಗೊಂದಲ ನಿವಾರಣೆಗಾಗಿ ಈ ಕೈಪಿಡಿ.

ದಯವಿಟ್ಟು ಪೂರ್ತಿ ಓದಿ, ಆಮೇಲೆ ಬಳಸಿ. ಓದದೆ ಬಳಸುವವರು ಇದ್ದೇ ಇರುತ್ತಾರೆ. ಅವರಿಗಾಗಿ ಮೊಸಳೆಗಳಿವೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ಗಡ್ಡೆಗಳು: ಬರಹದಲ್ಲಿ ಆರು. ಇದನ್ನು ಎಣಿಸಿ ತಾಳೆ ನೋಡಲು ಹೋಗಬೇಡಿ. ಹೊಳೆ ಇಳಿದಾಗ ನೀರೊಳಗಿನ ಬಂಡೆಗಳೆಲ್ಲ ತಾವೂ ಗಡ್ಡೆಗಳೇ ಎಂದು ತಲೆಯೆತ್ತುತ್ತವೆ. ಹೊಳೆ ಏರಿದಾಗ ನಿಜವಾದ ಗಡ್ಡೆಗಳೂ ಮುಳುಗಿ ಹಾಜರಿ ತಪ್ಪಿಸಿಕೊಳ್ಳುತ್ತವೆ.

ಹೊಳೆ: ಒಂದು. ಬದಲಿ ಸಿಗುವುದಿಲ್ಲ.

ಗಿಡಮರ: ಹೊಳೆಮತ್ತಿ, ಬಿದಿರು, ಕೇದಗೆ. ಕೊಂಬೆ ಎಷ್ಟು ಬೆಳ್ಳಗೆ ಕಾಣುತ್ತದೋ ಅಷ್ಟು ಹಕ್ಕಿಗಳು ಅಲ್ಲಿ ಸಂಸಾರ ಹೂಡಿವೆ ಎಂದು ಲೆಕ್ಕ.

ಹಕ್ಕಿ: ಋತುವಿಗೆ ತಕ್ಕಂತೆ ನೂರರಿಂದ ಸಾವಿರಗಳವರೆಗೆ.

ಬಾವಲಿ: ಹಗಲೆಲ್ಲ ತಲೆಕೆಳಗಾಗಿ ಜೋತುಬಿದ್ದು ಜಗಳವಾಡುವ ಹಣ್ಣುಬಾವಲಿಗಳ ದೊಡ್ಡ ಗುಂಪು. ರಾತ್ರಿ ಪಾಳಿ ಮಾಡುವವರಾದ್ದರಿಂದ ಹಗಲು ಅವರ ನಿದ್ದೆಯ ಹೊತ್ತು. ಆದರೂ ನಿದ್ದೆ ಮಾಡಿದ್ದನ್ನು ಕಂಡವರು ಕಡಿಮೆ.

ಮೊಸಳೆ: ಇವೆ. ಪ್ರತ್ಯೇಕ ಅಧ್ಯಾಯ ನೋಡಿ.

ಅಭಯಾರಣ್ಯದ ವಿಸ್ತೀರ್ಣ 0.67 ಚದರ ಕಿಲೋಮೀಟರ್, ಅಂದರೆ ಲಾಲ್‌ಬಾಗಿಗಿಂತ ಚಿಕ್ಕದು. ‘ಅರಣ್ಯ’ ಎಂಬ ಪದ ನೋಡಿ ಜೀಪು, ಕ್ಯಾಮಫ್ಲಾಜ್ ಪ್ಯಾಂಟು, ಹುಲಿಯ ಗರ್ಜನೆ ಎಲ್ಲ ಕಲ್ಪಿಸಿಕೊಂಡು ಬಂದವರು ಪಾರ್ಕಿಂಗ್‌ನಲ್ಲೇ ಅವನ್ನು ಕಳಚಿಟ್ಟು ಒಳಗೆ ಬರಬೇಕಾಗಿ ವಿನಂತಿ.

2. ತಯಾರಿಕೆಯ ವಿವರ

ಇದು ಪೂರ್ತಿ ಪ್ರಕೃತಿಯ ಕೈಕೆಲಸ ಎಂದು ಬಳಕೆದಾರರು ನಂಬಿರುತ್ತಾರೆ. ಅರ್ಧ ಸರಿ. ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ಸುಮಾರಿಗೆ, ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ಕಾಲುವೆ ತೆಗೆದು ನೀರನ್ನು ಗದ್ದೆ ತೋಟಗಳಿಗೆ ಹರಿಸುವುದು ಉದ್ದೇಶ. ಒಡ್ಡಿನ ಹಿಂದೆ ನೀರು ನಿಂತಿತು, ತಗ್ಗು ಮುಳುಗಿತು, ದಿಬ್ಬಗಳು ಮಾತ್ರ ಹೊರಗೆ ಉಳಿದವು. ಆ ದಿಬ್ಬಗಳೇ ಇಂದಿನ ತಿಟ್ಟುಗಳು.

ದೊರೆಯ ನಕ್ಷೆಯಲ್ಲಿ ಹಕ್ಕಿಗೆ ಜಾಗವಿರಲಿಲ್ಲ. ಹಕ್ಕಿಗಳೂ ಅರ್ಜಿ ಹಾಕಿ ಬಂದವಲ್ಲ. ಗೂಡು ಕಟ್ಟುವ ಹಕ್ಕಿಗೆ ಬೇಕಾದದ್ದು ಎರಡೇ: ಮರಿ ಕದಿಯುವ ಬೆಕ್ಕು, ಮುಂಗುಸಿ, ನರಿ ನಡೆದು ಬರಲಾಗದ ಮರ, ಮತ್ತು ಹಾರಿ ಹೋಗಿ ಬರುವಷ್ಟು ದೂರದಲ್ಲಿ ಊಟ. ಒಡ್ಡು ಮೊದಲನೆಯದನ್ನು ಕೊಟ್ಟಿತು. ಅದೇ ಒಡ್ಡಿನಿಂದ ಹೊರಟ ಕಾಲುವೆ ಗದ್ದೆಗಳನ್ನು ತೋಯಿಸಿ, ಕಪ್ಪೆ, ಮೀನು, ಏಡಿ, ಬಸವನಹುಳುಗಳನ್ನು ಬೆಳೆಸಿ ಎರಡನೆಯದನ್ನೂ ಕೊಟ್ಟಿತು. ಒಂದೇ ಕಾಮಗಾರಿಯಲ್ಲಿ ಮನೆಯೂ ಆಯಿತು, ಅಡುಗೆಮನೆಯೂ ಆಯಿತು. ಇಷ್ಟು ಚೆನ್ನಾಗಿ ಯೋಜನೆ ಹಾಕಬೇಕೆಂದು ಕೂತಿದ್ದರೆ ಬಹುಶಃ ಆಗುತ್ತಿರಲಿಲ್ಲ.

ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಡಾ. ಸಲೀಂ ಅಲಿ ಈ ಜಾಗ ನೋಡಿ, ಇದನ್ನು ಕಾಪಾಡಿ ಎಂದು ಸರ್ಕಾರಕ್ಕೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಆ ಪಟ್ಟಿಗೆ ಕರ್ನಾಟಕದಿಂದ ಹೋದ ಮೊದಲ ಹೆಸರು ಇದೇ.

ಸಾರಾಂಶ ಇಷ್ಟು. ಹಕ್ಕಿಯ ಯೋಚನೆಯಿಲ್ಲದೆ ಒಬ್ಬರು ಕಟ್ಟಿದರು. ಕಟ್ಟಿದವರನ್ನು ಕೇಳದೆ ಹಕ್ಕಿಗಳು ಒಕ್ಕಲಾದವು. ಹಕ್ಕಿಗಳ ಪಾಡಿಗೆ ಹಕ್ಕಿಗಳನ್ನು ಬಿಡಿ ಎಂದು ಮತ್ತೊಬ್ಬರು ಹೇಳಿದರು. ಈ ಸಾಲಿನಲ್ಲಿ ನಾಲ್ಕನೆಯವರಾಗಿ ನೀವು ಬಂದಿದ್ದೀರಿ. ನಿಮ್ಮಿಂದ ನಿರೀಕ್ಷಿಸಿರುವ ಕೊಡುಗೆ: ಏನೂ ಇಲ್ಲ. ದಯವಿಟ್ಟು ಅದನ್ನು ಮನಸಾರೆ ಕೊಡಿ.

3. ಅಳವಡಿಕೆ

ಕಾಲ: ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಬನ್ನಿ. ಗೂಡು, ಮೊಟ್ಟೆ, ಮರಿಗಳ ಸಂಭ್ರಮ ಆಗಲೇ. ಮಳೆಗಾಲದಲ್ಲಿ ಬಂದರೆ ಕೆಂಪು ನೀರೂ ದೋಣಿ ನಿಲ್ಲಿಸಲಾಗಿದೆ ಎಂಬ ಫಲಕವೂ ಕಾಣಸಿಗುತ್ತವೆ.

ಹೊತ್ತು: ಬೆಳಿಗ್ಗೆ. ಹಕ್ಕಿಗಳು ಎಂಟು ಗಂಟೆಗೆ ಎದ್ದು ಕಾಫಿ ಕುಡಿದು ಹತ್ತಕ್ಕೆ ಕಚೇರಿ ತೆರೆಯುವ ಪೈಕಿಯಲ್ಲ. ಮಟಮಟ ಮಧ್ಯಾಹ್ನ ಹೋಗಿ ‘ಎಲ್ಲ ಸುಮ್ಮನೆ ಕೂತಿವೆ’ ಎಂದು ದೂರುವವರು, ಆ ಬಿಸಿಲಿನಲ್ಲಿ ತಾವೇನು ಮಾಡುತ್ತಿದ್ದೆವು ಎಂದು ನೆನೆಸಿಕೊಳ್ಳಿ.

ದಾರಿ: ಬೆಂಗಳೂರಿನಿಂದ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬಂದರೆ ಬೇಗ ತಲುಪುತ್ತೀರಿ. ಆದರೆ ಆ ರಸ್ತೆ ಮದ್ದೂರನ್ನು ಪಕ್ಕಕ್ಕಿಟ್ಟು ಹೋಗುತ್ತದೆ. ವಡೆ ತಿನ್ನದೆ ಮೈಸೂರು ಸೀಮೆ ಪ್ರವೇಶಿಸುವ ಈ ಹೊಸ ಪದ್ಧತಿಯ ಬಗ್ಗೆ ಕೈಪಿಡಿ ಏನೂ ಹೇಳುವುದಿಲ್ಲ. ಮದ್ದೂರಿಗೆ ಇಳಿದವರು ಕೊಕ್ಕರೆ ಬೆಳ್ಳೂರಿಗೂ ಹೋಗಿ ಬರಬಹುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ನೀರಿನ ಕಂದಕವಿಲ್ಲದೆಯೂ ಹಕ್ಕಿ ಬದುಕಬಲ್ಲದು, ಆದರೆ ಅದಕ್ಕೆ ಒಂದೂರು ಜನರ ಒಳ್ಳೆಯತನ ಬೇಕು ಎಂಬುದಕ್ಕೆ ಅದು ಸಾಕ್ಷಿ.

ಉಡುಪು: ಎಲೆ, ಮಣ್ಣು, ಬೂದಿ ಬಣ್ಣಗಳು ಉತ್ತಮ. ಹೊಳೆಯುವ ಕೆಂಪು ಚೂಡಿದಾರ, ಹಳದಿ ಟೀ ಶರ್ಟ್ ಹಾಕಿಕೊಂಡರೆ ನೀವು ಫೋಟೋದಲ್ಲಿ ಚೆನ್ನಾಗಿ ಬರುತ್ತೀರಿ, ಹಕ್ಕಿ ಬರುವುದಿಲ್ಲ.

ಸಲಕರಣೆ: ದುರ್ಬೀನು ಇದ್ದರೆ ತನ್ನಿ. ಬ್ಲೂಟೂತ್ ಸ್ಪೀಕರ್ ಇದ್ದರೆ ಅದನ್ನು ಮನೆಯಲ್ಲೇ ಬಿಡಿ, ಅದಕ್ಕೂ ವಿಶ್ರಾಂತಿ ಬೇಕು.

4. ಚಾಲನೆ

ಹಂತ 1. ಲೈಫ್ ಜಾಕೆಟ್ ಹಾಕಿಕೊಳ್ಳಿ. ಅದರ ಬಣ್ಣದ ಬಗ್ಗೆ ಟೀಕೆ ಮಾಡಬೇಡಿ. ನಿಮಗಿಂತ ಮುಂಚೆ ಹಾಕಿಕೊಂಡವರ ಬೆವರಿನ ಬಗ್ಗೆಯೂ ಬೇಡ.

ಹಂತ 2. ದೋಣಿ ಹತ್ತಿ, ಕೂತುಕೊಳ್ಳಿ. ‘ಕೂತುಕೊಳ್ಳಿ’ ಎಂದರೆ ಕೊನೆಯವರೆಗೂ ಕೂತೇ ಇರುವುದು. ಅತ್ತ ಕೊಕ್ಕರೆ ಕಂಡಿತೆಂದು ಎಲ್ಲರೂ ಅತ್ತ, ಇತ್ತ ಮೊಸಳೆ ಕಂಡಿತೆಂದು ಎಲ್ಲರೂ ಇತ್ತ ವಾಲಿದರೆ ದೋಣಿ ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಹಂತ 3. ಹುಟ್ಟು ಹಾಕುವವರ ಮಾತು ಕೇಳಿ. ಇದು ಕೈಪಿಡಿಯ ಅತಿ ಮುಖ್ಯ ಸೂಚನೆ. ನೀವು ಮೊಬೈಲಿನಲ್ಲಿ ಹಕ್ಕಿಯ ಹೆಸರು ಹುಡುಕುವಷ್ಟರಲ್ಲಿ ಅವರು ಅದರ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಗೂಡು ಎಲ್ಲಿ, ಮರಿ ಎಷ್ಟು ಎಲ್ಲ ಹೇಳಿ ಮುಗಿಸಿರುತ್ತಾರೆ. ದೋಣಿಯನ್ನು ಗೂಡಿನ ತೀರ ಹತ್ತಿರಕ್ಕೆ ತೆಗೆದುಕೊಂಡು ಹೋಗಿ ಎಂದು ಒತ್ತಾಯಿಸಬೇಡಿ. ಹೆದರಿದ ತಾಯಿ ಎದ್ದು ಹಾರಿದರೆ, ಬಿಸಿಲಿಗೆ ಬಿದ್ದ ಮೊಟ್ಟೆಯ ಲೆಕ್ಕ ಯಾವ ಟಿಕೆಟ್ಟಿನಲ್ಲೂ ಸೇರಿರುವುದಿಲ್ಲ.

ಹಂತ 4. ಮಕ್ಕಳು ‘ಅಪ್ಪಾ, ಅದು ಯಾವ ಹಕ್ಕಿ?’ ಎಂದಾಗ ಎಲ್ಲದಕ್ಕೂ ‘ಕೊಕ್ಕರೆ’ ಎನ್ನುವ ತಂದೆಯರಿಗೆ ಇಲ್ಲಿ ಒಂದು ಅನುಕೂಲವಿದೆ: ಅರ್ಧಕ್ಕರ್ಧ ಸಲ ಉತ್ತರ ಸರಿಯಾಗಿರುತ್ತದೆ. ಉಳಿದರ್ಧಕ್ಕಾಗಿ ಮುಂದಿನ ಅಧ್ಯಾಯ ಓದಿ.

ಹಂತ 5. ಚಪ್ಪಾಳೆ ತಟ್ಟಬೇಡಿ, ಶಿಳ್ಳೆ ಹಾಕಬೇಡಿ. ಹಕ್ಕಿ ಹಾರಿದರೆ ವಿಡಿಯೋ ಚೆನ್ನಾಗಿ ಬರುತ್ತದೆ ನಿಜ. ನೀವು ಊಟಕ್ಕೆ ಕೂತಾಗ ಬಾಗಿಲು ಬಡಿದು ಓಡಿಹೋಗುವವರ ವಿಡಿಯೋ ಕೂಡ ಚೆನ್ನಾಗಿಯೇ ಬಂದೀತು.

5. ಬಿಡಿಭಾಗಗಳ ಪರಿಚಯ

ಬಣ್ಣದ ಕೊಕ್ಕರೆ: ಕಿತ್ತಳೆ ಮುಖ, ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಇದಕ್ಕೆ ಸದ್ದಿನ ಗುಂಡಿ ಇಲ್ಲ. ದೊಡ್ಡವಾದ ಮೇಲೆ ಕೊಕ್ಕರೆಗಳಿಗೆ ಹಾಡುವುದಿರಲಿ, ಕೂಗುವುದೂ ಹೆಚ್ಚುಕಡಿಮೆ ಬರುವುದಿಲ್ಲ. ಪ್ರೀತಿ, ಜಗಳ, ಸ್ವಾಗತ ಎಲ್ಲವೂ ಕೊಕ್ಕನ್ನು ಕಟಕಟ ಬಡಿಯುವುದರಲ್ಲೇ ಮುಗಿಯುತ್ತದೆ. ಕಾಲಿಗೆ ಸುಣ್ಣ ಬಳಿದಂತೆ ಕಂಡರೆ ಅದು ಕೊಳೆಯಲ್ಲ, ಕೂಲರ್. ಬಿಸಿಲು ಏರಿದಾಗ ಕೊಕ್ಕರೆ ತನ್ನ ಹಿಕ್ಕೆಯನ್ನು ತನ್ನ ಕಾಲ ಮೇಲೇ ಬಿಟ್ಟುಕೊಳ್ಳುತ್ತದೆ. ತೇವ ಆರುವಾಗ ಮೈಯ ಬಿಸಿಯೂ ಇಳಿಯುತ್ತದೆ. ಕರೆಂಟಿನ ಖರ್ಚಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಒಂದೇ ಗೂಡಿನ ಮೇಲೆ ಕಣ್ಣಿಟ್ಟು ಐದು ನಿಮಿಷ ನೋಡಿ. ಮರಿಗಳ ನೆತ್ತಿಯ ಮೇಲೆ ಬಿಸಿಲು ಬೀಳುವ ಕಡೆಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಅರ್ಧ ಬಿಚ್ಚಿ, ಕೊಕ್ಕು ಕೆಳಗೆ ಮಾಡಿ ದೊಡ್ಡ ಹಕ್ಕಿ ನಿಂತಿರುತ್ತದೆ. ಸೂರ್ಯ ಸರಿದಂತೆ ಅದೂ ಒಂದೊಂದು ಹೆಜ್ಜೆ ಸರಿಯುತ್ತದೆ. ಅದರ ನೆರಳಿನ ಅಂಚಿನಿಂದ ಒಂದು ಮರಿ ಹೊರಗೆ ಜಾರಿದರೆ ರೆಕ್ಕೆ ಅಷ್ಟೇ ಅಗಲ ಹೆಚ್ಚು ಬಿಚ್ಚಿಕೊಳ್ಳುತ್ತದೆ. ‘ಸುಮ್ಮನೆ ಕೂತಿವೆ’ ಎಂದು ನೀವು ದೂರಿದ್ದು ಇದನ್ನೇ.

ಬಾಯ್ಕಳಕ ಕೊಕ್ಕರೆ: ಕೊಕ್ಕು ಮುಚ್ಚಿದಾಗಲೂ ನಡುವೆ ಸಂದಿ ಕಾಣುತ್ತದೆ. ಇದು ತಯಾರಿಕೆಯ ದೋಷವಲ್ಲ, ದಯವಿಟ್ಟು ವರದಿ ಮಾಡಬೇಡಿ. ಮರಿಗೆ ಈ ಸಂದಿ ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಇದರ ಮುಖ್ಯ ಊಟ ಬಸವನಹುಳು. ಕೊಕ್ಕಿನ ತುದಿಯನ್ನು ಚಿಪ್ಪಿನೊಳಗೆ ತೂರಿಸಿ, ಹುಳುವನ್ನು ಚಿಪ್ಪಿನಿಂದ ಬಿಡಿಸಿ ಎಳೆದುಕೊಳ್ಳುತ್ತದೆ. ಈ ಕೆಲಸ ಬಹುಪಾಲು ಕೆಸರು ನೀರಿನಡಿ, ಕಣ್ಣಿಗೆ ಕಾಣದಂತೆ ನಡೆಯುತ್ತದೆ. ಗದ್ದೆಯಲ್ಲಿ ಇದು ನಡೆದಾಡಿದರೆ ಪೈರಿಗೆ ಲಾಭ.

ಚಮಚದ ಕೊಕ್ಕು: ಹೆಸರೇ ಬಳಕೆಯ ವಿಧಾನ. ಕೊಕ್ಕನ್ನು ಸ್ವಲ್ಪ ತೆರೆದು, ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತ ಮುಂದೆ ಹೋಗುತ್ತದೆ. ಚಪ್ಪಟೆ ತುದಿಗೆ ಏನಾದರೂ ತಗುಲಿದರೆ ಗಪ್ಪನೆ ಮುಚ್ಚುತ್ತದೆ.

ಹಾವಕ್ಕಿ: ನೀರಿನಿಂದ ಹಾವೊಂದು ಕತ್ತೆತ್ತಿ ಬರುತ್ತಿದೆ ಎಂದು ದೋಣಿಯಲ್ಲಿ ಯಾರಾದರೂ ಕಿರುಚಿದರೆ ಗಾಬರಿಯಾಗಬೇಡಿ. ಮೈಯನ್ನೆಲ್ಲ ಮುಳುಗಿಸಿ ಕತ್ತು ಮಾತ್ರ ಹೊರಗಿಟ್ಟು ಈಜುವುದು ಇದರ ರೂಢಿ. ಮೀನನ್ನು ಈಟಿಯಂಥ ಕೊಕ್ಕಿನಿಂದ ಚುಚ್ಚಿ, ಮೇಲಕ್ಕೆ ಎಸೆದು, ತಲೆಯ ಕಡೆಯಿಂದ ನುಂಗುತ್ತದೆ. ಗರಿ ನೆನೆಯುವುದರಿಂದ ಆಮೇಲೆ ಬಂಡೆ ಹತ್ತಿ ರೆಕ್ಕೆ ಹರವಿ ಒಣಗಿಸಿಕೊಳ್ಳಬೇಕು. ಆ ಭಂಗಿ ನಿಮ್ಮ ಕ್ಯಾಮೆರಾಗಾಗಿ ಅಲ್ಲ.

ಇರುಳು ಬಕ: ಕೆಂಪು ಕಣ್ಣು, ಕುತ್ತಿಗೆ ಒಳಗೆಳೆದುಕೊಂಡ ಕುಳ್ಳು ಮೈ. ರಾತ್ರಿ ದುಡಿದು ಹಗಲು ಮಲಗುವ ಐಟಿ ಮಂದಿ ಇದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ.

ಅಂಬರ ಕೀಚುಗ: ಬಂಡೆಯ ಕೆಳಹೊಟ್ಟೆಯಲ್ಲಿ ಮಣ್ಣಿನ ಉಂಡೆಗಳನ್ನು ಒತ್ತೊತ್ತಾಗಿ ಮೆತ್ತಿದಂತೆ ಕಂಡರೆ ಅದು ಇವರ ಕಾಲೊನಿ. ಕೊಕ್ಕಿನ ತುಂಬ ಕೆಸರು ತಂದು ತಂದು ಕಟ್ಟಿದ ಮನೆಗಳು. ದೋಣಿ ಆ ಬಂಡೆಯ ಪಕ್ಕ ಹಾಯುವಾಗ ಸಾಮಾನ್ಯವಾಗಿ ಎಲ್ಲರೂ ಆಚೆ ಬದಿಯ ಮೊಸಳೆ ನೋಡುತ್ತಿರುತ್ತಾರೆ. ನೀವು ಈಚೆ ನೋಡಿ.

6. ಎಚ್ಚರಿಕೆ: ಮೊಸಳೆ

ಬಂಡೆಯ ಮೇಲೆ ಬಾಯಿ ತೆರೆದು ಅಲುಗಾಡದೆ ಬಿದ್ದಿರುವುದು ಪ್ರತಿಮೆಯಲ್ಲ. ‘ಇಲಾಖೆಯವರು ಸಿಮೆಂಟಿನಲ್ಲಿ ಮಾಡಿಟ್ಟಿದ್ದಾರೆ’ ಎಂದು ಪ್ರತಿ ದೋಣಿಯಲ್ಲೂ ಒಬ್ಬರಾದರೂ ಹೇಳುತ್ತಾರೆ. ಅವರ ಪಕ್ಕ ಕೂರಬೇಡಿ. ಬಾಯಿ ತೆರೆದಿರುವುದು ಕೋಪಕ್ಕಲ್ಲ, ಮೈಯ ಬಿಸಿಯನ್ನು ಹದದಲ್ಲಿಡಲು.

ಮೊಸಳೆಯ ಬುದ್ಧಿಯನ್ನು ಕಡೆಗಣಿಸಬೇಡಿ. ಚೆನ್ನೈ ಬಳಿಯ ಮೊಸಳೆ ಉದ್ಯಾನದಲ್ಲಿ, ಬೆಳ್ಳಕ್ಕಿಗಳು ಗೂಡಿಗೆ ಕಡ್ಡಿ ಹುಡುಕುವ ಕಾಲದಲ್ಲಿ, ಮೊಸಳೆಗಳು ಮೂತಿಯ ಮೇಲೆ ಕಡ್ಡಿ ಇಟ್ಟುಕೊಂಡು ನೀರಿನಲ್ಲಿ ಕಾದು ಕೂರುವುದನ್ನು ಸಂಶೋಧಕರು 2013ರಲ್ಲಿ ವರದಿ ಮಾಡಿದ್ದಾರೆ. ಕಡ್ಡಿಗೆ ಬಂದ ಹಕ್ಕಿ ಊಟವಾಗುತ್ತದೆ. ನಿಮ್ಮ ಕೈಯಲ್ಲಿರುವ ಚಿಪ್ಸ್ ಪೊಟ್ಟಣದ ಆಸೆ ತೋರಿಸಿ ಅದನ್ನು ಕರೆಯಬಹುದೆಂದು ಭಾವಿಸುವ ಮುನ್ನ, ಆಸೆ ತೋರಿಸುವ ಕಲೆಯಲ್ಲಿ ಹೆಚ್ಚು ಅನುಭವ ಯಾರಿಗಿದೆ ಎಂದು ವಿಚಾರ ಮಾಡಿ.

ಮರದಿಂದ ಜಾರಿ ಬಿದ್ದ ಮರಿಗಳನ್ನು ಮೊಸಳೆ ತಿನ್ನುತ್ತದೆ. ಇದನ್ನು ನೋಡಿ ‘ಅಯ್ಯೋ’ ಎನ್ನಬಹುದು. ಆದರೆ ಅದೇ ಮೊಸಳೆಯ ಭಯಕ್ಕೆ ಈಜಿ ಬರಬಹುದಾಗಿದ್ದ ಎಷ್ಟೋ ಪ್ರಾಣಿಗಳು ದಡದಲ್ಲೇ ಉಳಿಯುತ್ತವೆ. ಕಾವಲುಗಾರನ ಸಂಬಳ ಎಂದು ತಿಳಿಯಿರಿ.

7. ನೀರು ಸರಬರಾಜು

ಈ ಭಾಗ ತಾಂತ್ರಿಕವಾದದ್ದು. ಆದರೆ ಮಂಡ್ಯ ಜಿಲ್ಲೆಯವರಿಗೆ ಓದುವ ಅಗತ್ಯವಿಲ್ಲ, ಅವರಿಗೆ ಹುಟ್ಟಿನಿಂದ ಗೊತ್ತು.

ರಂಗನತಿಟ್ಟಿನ ಮೇಲ್ಗಡೆ ಸ್ವಲ್ಪ ದೂರದಲ್ಲೇ ಕೃಷ್ಣರಾಜಸಾಗರವಿದೆ. 1911ರಲ್ಲಿ ಕಟ್ಟಲು ಶುರು ಮಾಡಿದ ಆ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂದು ಮೂರು ಸಾಲು ಬರುತ್ತದಲ್ಲ, ಅದೇ ಈ ಗಡ್ಡೆಗಳ ಜಾತಕ. ಕಟ್ಟೆ ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುತ್ತಾರೆ, ಕೆಳಗಿನ ಗದ್ದೆಗಳಲ್ಲಿ ನಾಟಿಯ ಮಾತು ಶುರುವಾಗುತ್ತದೆ. ಹೆಚ್ಚಾದ ನೀರನ್ನು ಹೊಳೆಗೆ ಬಿಡುತ್ತಾರೆ. ಆ ನೀರು ಮೊದಲು ಬಡಿಯುವ ಬಾಗಿಲುಗಳಲ್ಲಿ ರಂಗನತಿಟ್ಟೂ ಒಂದು. ಗಡ್ಡೆ ಮುಳುಗುತ್ತದೆ, ದಂಡೆಯ ಮಣ್ಣು ಕೊಚ್ಚಿ ಹೋಗುತ್ತದೆ, ತಡವಾಗಿ ಕಟ್ಟಿದ ಗೂಡುಗಳು ಮರಿಗಳ ಸಮೇತ ಹೊಳೆಯ ಪಾಲಾಗುತ್ತವೆ. ನೀರು ಇಳಿದ ಮೇಲೆ ಅರಣ್ಯ ಇಲಾಖೆಯವರು ಮರಳಿನ ಚೀಲ ಪೇರಿಸಿ ಗಡ್ಡೆಗಳಿಗೆ ಅಂಚು ಕಟ್ಟಿಕೊಡಬೇಕಾಗುತ್ತದೆ.

ಹಾಗಂತ ನೀರು ಕಡಿಮೆ ಇದ್ದರೆ ಕ್ಷೇಮವೆಂದಲ್ಲ. ಬರಗಾಲದಲ್ಲಿ ಹೊಳೆ ಬತ್ತಿ ಬಂಡೆಯಿಂದ ಬಂಡೆಗೆ ಕಾಲು ಹಾಕುವಂತಾದರೆ ಗಡ್ಡೆ ಗಡ್ಡೆಯಾಗಿ ಉಳಿಯುವುದಿಲ್ಲ. ಹಕ್ಕಿ ಹಾರಿ ಹೋಗುವ ಮನೆಗೆ ನಾಯಿ ನಡೆದು ಬರಬಹುದು. ಮುಳುಗಿಸುವಷ್ಟು ಬೇಡ, ನಡೆಸುವಷ್ಟೂ ಬೇಡ. ಈ ಎರಡರ ನಡುವಿನ ಒಂದಿಷ್ಟು ಅಡಿ ನೀರಿಗೆ ಪಕ್ಷಿಧಾಮ ಎಂದು ಹೆಸರು. ನೀವು ಟಿಕೆಟ್ ಕೊಂಡದ್ದು ಅದಕ್ಕೆ.

8. ದೊಡ್ಡ ಮಾದರಿ: ಶ್ರೀರಂಗಪಟ್ಟಣ

ಸಣ್ಣ ಗಡ್ಡೆಗಳನ್ನು ಬಳಸಿ ಅಭ್ಯಾಸವಾದ ಮೇಲೆ, ಕಾವೇರಿ ಎರಡು ಕವಲಾಗಿ ತಬ್ಬಿಕೊಂಡಿರುವ ದೊಡ್ಡ ಗಡ್ಡೆಗೆ ಬನ್ನಿ. ಉದ್ದ ಸುಮಾರು ಐದು ಕಿಲೋಮೀಟರ್. ಇದರ ಮೇಲೆ ದೇವರು, ರಾಜಧಾನಿ, ಸುಲ್ತಾನ, ರೈಲು, ಹೆದ್ದಾರಿ ಎಲ್ಲವನ್ನೂ ಇಟ್ಟು ಪರೀಕ್ಷೆ ಮಾಡಲಾಗಿದೆ. ಇಲ್ಲಿನ ರಂಗನಾಥ ಆದಿರಂಗ. ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ಮೂರೂ ಕಾವೇರಿಯ ಗಡ್ಡೆಗಳೇ. ಜಾಗ ಆರಿಸುವುದರಲ್ಲಿ ದೇವರೂ ಕೊಕ್ಕರೆಯೂ ಒಂದೇ ಅಭಿಪ್ರಾಯದವರು.

ರಾಜರೂ ಅದೇ ಲೆಕ್ಕ ಹಾಕಿದರು. 1610ರಲ್ಲಿ ರಾಜ ಒಡೆಯರು ಇದನ್ನು ವಶಮಾಡಿಕೊಂಡ ಮೇಲೆ 1799ರವರೆಗೆ ಮೈಸೂರಿನ ರಾಜಧಾನಿ ಇದೇ. ತೋಡುವ ಕೂಲಿಯಿಲ್ಲದೆ ಸಿಕ್ಕ ಕಂದಕ. ಆದರೆ ಈ ಕಂದಕಕ್ಕೆ ಒಂದು ಷರತ್ತಿತ್ತು: ನೀರಿರಬೇಕು. 1799ರ ಮೇ 4ರ ಮಧ್ಯಾಹ್ನ, ಬೇಸಿಗೆಯ ಕೊನೆ, ಮುಂಗಾರು ಇನ್ನೂ ಬಂದಿಲ್ಲ. ಹೊಳೆ ಇಳಿದು ಬಂಡೆಗಳು ಮೇಲೆದ್ದಿದ್ದವು. ಬ್ರಿಟಿಷ್ ಪಡೆ ಆ ಕಲ್ಲು ನೀರಿನಲ್ಲೇ ನಡೆದು ದಾಟಿ, ಒಡೆದ ಕೋಟೆಗೋಡೆ ಹತ್ತಿತು. ಟಿಪ್ಪು ಅಂದೇ ಬಿದ್ದ. ಕೆಲವು ವಾರ ಕಳೆದಿದ್ದರೆ ಹೊಳೆ ತುಂಬಿ ಬರುತ್ತಿತ್ತು. ಬೇಸಿಗೆಯಲ್ಲಿ ನಡೆದು ಬರುವ ಶತ್ರುವಿನ ಭಯ ಹಕ್ಕಿಗಳಿಗೆ ಮಾತ್ರವಲ್ಲ.

ಗೆದ್ದವರ ಸುಖವೂ ಹೆಚ್ಚು ದಿನ ಬಾಳಲಿಲ್ಲ. ಗಡ್ಡೆಯ ಸೊಳ್ಳೆಗಳು ಕೆಲಸಕ್ಕಿಳಿದವು. ಜ್ವರ ತಾಳಲಾರದೆ 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಸಾಗಿತು. ಇವತ್ತು ಎಂ.ಜಿ. ರಸ್ತೆಯಲ್ಲಿ ಕಾಫಿ ಕುಡಿಯುವವರು ಆ ಸೊಳ್ಳೆಗೆ ಒಂದು ನಮಸ್ಕಾರ ಹಾಕಬಹುದು.

ನೋಡಲೇಬೇಕಾದವು: 1784ರಲ್ಲಿ ಕಟ್ಟಿದ ದರಿಯಾ ದೌಲತ್, ಗೋಡೆಯ ತುಂಬ ಪೊಳ್ಳಿಲೂರು ಯುದ್ಧದ ಚಿತ್ರ. 2017ರಲ್ಲಿ ಜೋಡಿ ಹಳಿಗೆ ದಾರಿ ಮಾಡಿಕೊಡಲು ಬುಡಸಮೇತ ಎತ್ತಿ ನೂರು ಮೀಟರ್‌ಗೂ ಹೆಚ್ಚು ದೂರ ಸರಿಸಿದ ಟಿಪ್ಪುವಿನ ಮದ್ದಿನ ಮನೆ. ಕವಲುಗಳು ಮತ್ತೆ ಕೂಡುವ ಸಂಗಮ.

ಪಶ್ಚಿಮವಾಹಿನಿಗೆ ಹೋಗುವವರಿಗೆ ಪ್ರತ್ಯೇಕ ಸೂಚನೆ. ಅಲ್ಲಿ ಹಾಸ್ಯ ಬೇಡ. ಪೂರ್ವಕ್ಕೆ ಹೋಗುವ ಹೊಳೆ ಪಶ್ಚಿಮಕ್ಕೆ ತಿರುಗುವ ಆ ಜಾಗದಲ್ಲಿ ಜನ ತಮ್ಮವರ ಬೂದಿ ಬಿಡುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನೂ ಅಲ್ಲೇ ಬಿಟ್ಟರು. ಬೂದಿಯನ್ನು ಹೊಳೆ ತೆಗೆದುಕೊಳ್ಳುತ್ತದೆ. ಜೊತೆಗೆ ಬಿಡುವ ಬಟ್ಟೆ, ಪ್ಲಾಸ್ಟಿಕ್ ಚೀಲಗಳನ್ನು ತೆಗೆದುಕೊಳ್ಳುವುದಿಲ್ಲ.

9. ದೋಷ ನಿವಾರಣೆ

ದೋಷ: ಹಕ್ಕಿಗಳು ಕಾಣುತ್ತಿಲ್ಲ.
ಪರಿಹಾರ: ಮೊಬೈಲ್ ಪರದೆಯಿಂದ ಕಣ್ಣೆತ್ತಿ. ಆಗಲೂ ಕಾಣದಿದ್ದರೆ ತಿಂಗಳು ಯಾವುದೆಂದು ನೋಡಿ.

ದೋಷ: ಕೆಟ್ಟ ವಾಸನೆ.
ಪರಿಹಾರ: ಇಲ್ಲ. ಸಾವಿರಾರು ಹಕ್ಕಿಗಳು ಮೀನು ತಿಂದರೆ ಮಲ್ಲಿಗೆಯ ಕಂಪು ಬರುವುದಿಲ್ಲ. ಆ ಹಿಕ್ಕೆ ನೀರಿಗೆ ಬಿದ್ದು ಪಾಚಿಗೆ ಗೊಬ್ಬರವಾಗಿ, ಪಾಚಿ ಮೀನಿಗೆ ಮೇವಾಗಿ, ಮೀನು ಮತ್ತೆ ಮರವೇರುತ್ತದೆ. ಮೂಗು ಮುಚ್ಚಿಕೊಂಡರೂ ಕಣ್ಣು ಬಿಟ್ಟಿರಿ.

ದೋಷ: ಅಂಗಿಯ ಮೇಲೆ ಬಿಳಿ ಹನಿ.
ಪರಿಹಾರ: ಬಿಡಿಭಾಗಗಳ ಪರಿಚಯದಲ್ಲಿ ಕೂಲರ್ ಬಗೆಗಿನ ಸಾಲು ನೋಡಿ. ನಿಮಗದು ಉಚಿತ.

ದೋಷ: ದೋಣಿ ಬೇಗ ದಡ ಸೇರಿತು.
ಪರಿಹಾರ: ದಡದಲ್ಲಿ ಕಲ್ಲುಬೆಂಚುಗಳಿವೆ. ದೋಣಿಯಲ್ಲಿ ನೀವು ಹಕ್ಕಿಯನ್ನು ದಾಟಿ ಹೋಗುತ್ತೀರಿ. ಬೆಂಚಿನಲ್ಲಿ ಕೂತರೆ ಹಕ್ಕಿ ನಿಮ್ಮನ್ನು ದಾಟಿ ಹೋಗುತ್ತದೆ, ಟಿಕೆಟ್ ಕೇಳದೆ.

ದೋಷ: ಮೊಬೈಲ್ ನೀರಿಗೆ ಬಿತ್ತು.
ಪರಿಹಾರ: ಅದು ಈಗ ಮೊಸಳೆಯದು. ಪಾಸ್‌ವರ್ಡ್ ಬದಲಾಯಿಸಿ.

10. ಖಾತರಿ ಮತ್ತು ನಿರ್ವಹಣೆ

ಈ ಸರಕಿಗೆ ಯಾವುದೇ ಖಾತರಿ ಇಲ್ಲ. ಬೇಲಿಯೊಳಗೆ ಎಲ್ಲ ನಿಯಮ ಪಾಲಿಸಿದರೂ ಇದು ಕೆಟ್ಟು ನಿಲ್ಲಬಹುದು, ಏಕೆಂದರೆ ಇದರ ಅಡುಗೆಮನೆ ಬೇಲಿಯ ಹೊರಗಿದೆ. ಬೆಳಗಾದರೆ ತಿಟ್ಟಿನಿಂದ ಎದ್ದ ಬಾಯ್ಕಳಕ ಕೊಕ್ಕರೆ, ಬೆಳ್ಳಕ್ಕಿಗಳು ಹೋಗುವುದು ಸುತ್ತಲಿನ ಗದ್ದೆಗಳಿಗೆ, ಕೆರೆಗಳಿಗೆ. ಗದ್ದೆ ಬಡಾವಣೆಯಾಗಿ ‘ರಿವರ್ ವ್ಯೂ’ ಎಂಬ ಬೋರ್ಡು ನಿಂತರೆ ಬಸವನಹುಳು ಅಲ್ಲಿ ಸೈಟು ಕೊಳ್ಳುವುದಿಲ್ಲ. ಗದ್ದೆ ಉಳಿದೂ ಔಷಧಿ ಹೆಚ್ಚಾದರೆ ಹುಳು ಸಾಯುತ್ತದೆ, ಇಲ್ಲವೇ ಔಷಧಿ ಹುಳುವಿನೊಂದಿಗೆ ಗೂಡು ತಲುಪುತ್ತದೆ.

ಆದ್ದರಿಂದ ನಿಜವಾದ ನಿರ್ವಹಣೆ ಮಾಡುತ್ತಿರುವವರು ಮಂಡಿಯುದ್ದ ಕೆಸರಿನಲ್ಲಿ ನಿಂತ ರೈತರು. ಮುನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಡ್ಡು ಕಟ್ಟಿದ್ದೂ ಅವರ ಗದ್ದೆಗೇ. ಆ ಗದ್ದೆ ಅವರಿಗೆ ಗಿಟ್ಟುವವರೆಗೆ ಮಾತ್ರ ಇಲ್ಲಿನ ಕೊಂಬೆಗಳು ಬೆಳ್ಳಗಿರುತ್ತವೆ.

ಹೊರಡುವಾಗ ಗೇಟಿನ ಬಳಿ ಪ್ಲಾಸ್ಟಿಕ್ ಕೊಕ್ಕರೆಯ ಕೀಚೈನ್ ಕೊಳ್ಳುವ ಮನಸ್ಸಾದರೆ ತಡೆದುಕೊಳ್ಳಿ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ, ಪಕ್ಕದ ಹಳ್ಳಿಯಲ್ಲಿ ಬೆಳೆದವರಿಂದಲೇ ಒಂದು ಚೀಲ ಅಕ್ಕಿ ತೆಗೆದುಕೊಳ್ಳಿ. ಚೌಕಾಸಿ ಮಾಡಬೇಡಿ. ಅದರಲ್ಲಿ ಹಕ್ಕಿಯ ಊಟದ ಖರ್ಚೂ ಸೇರಿದೆ.